ಅತ್ತಿಯವರ ಗಮ್ಮಿ ಕರಗಿದ ಬ್ಯಾಸಗಿ

ನಮ್ಮತ್ತಿಯವರಿಗೆ ಗುಳಿಗಿ ನುಂಗಲಿಕ್ಕೆ ಬರೋದಿಲ್ಲ. ಎಪ್ಪತ್ತು ದಾಟಿದ ಹೆಣ್ಮಗಳು, ಐದು ಹೆರಿಗಿ ಕಂಡಾರ, ಒಮ್ಮೆ ಹೊಲದಾಗ ಚೇಳು ಕಡದಾಗ ಹಲ್ಲು ಕಚ್ಚಿ ಕುಂತಿದ್ರಂತ. ಆದರ ತೊಗರಿಕಾಳಿನಷ್ಟು ಗುಳಿಗಿ ಗಂಟಲದಾಗ ಇಳೀಬೇಕಂದ್ರ ಕಣ್ಣು ಮ್ಯಾಲ ಮಾಡ್ತಾರ. ಒಂದು ತಂಬಿಗಿ ನೀರು ಕುಡದ್ರ ನೀರಷ್ಟೇ ಇಳೀತದ, ಗುಳಿಗಿ ನಾಲಿಗಿ ಮ್ಯಾಲೇ ಕುಂತಿರ್ತದ.

ಹೋದ ವರ್ಷ ಮೊಣಕಾಲು ಹಿಡಕೊಂಡು ಏಳಲಿಕ್ಕೆ ಆಗದಂಗ ಆದಾಗ ಡಾಕ್ಟರ್ ರಕ್ತ ತಪಾಸಣಿ ಮಾಡಿಸಿ, ‘ಇವರಿಗೆ ಬಿಸಲಿನಿಂದ ಬರೋ ವಿಟಮಿನ್ ಕಡಿಮಿ ಅದ’ ಅಂದ್ರು. ನಾನು ಡಾಕ್ಟರ್ ಮಕಾ ನೋಡಿದೆ, ಅತ್ತಿ ನನ್ನ ಮಕಾ ನೋಡಿದ್ರು. ಕಮಲಾಪುರದಾಗ ಹುಟ್ಟಿ, ಕಲಬುರಗಿಯಾಗ ಬಾಳ್ವೆ ಮಾಡಿದಾಕಿಗೆ ಬಿಸಲು ಕಡಿಮಿ ಬಿತ್ತು ಅಂದ್ರ ಯಾರ ಮುಂದ ಹೇಳೋದು? ‘ನಿಮ್ಮ ಯಂತ್ರ ಕೆಟ್ಟಿರಬೇಕು, ಒಮ್ಮೆ ತೋರಿಸ್ರಿ’ ಅಂತ ಡಾಕ್ಟರಿಗೇ ಬುದ್ಧಿ ಹೇಳಿ ಅತ್ತಿ ಎದ್ದು ಬಂದ್ರು. ಆವತ್ತು ಶುರುವಾದ ನನ್ನ ಗೊಂದಲ ಇನ್ನೂ ಮುಗದಿಲ್ಲ.

ಗುಳಿಗಿ ನುಂಗಲಿಕ್ಕೆ ಬರದಾಕಿಗೆ ಗಮ್ಮಿ, ಅಂದ್ರ ಅಗದು ತಿನ್ನೋ ಔಷಧ, ತಂದಾಂವ ನನ್ನ ಮೈದುನ, ಅತ್ತಿಯವರ ಸಣ್ಣ ಮಗ. ಹೈದರಾಬಾದಿನಾಗ ಇರ್ತಾನ. ಕಂಪನಿ ಕೆಲಸಕ್ಕಂತ ಹದಿನೈದು ದಿನ ಹೊರದೇಶಕ್ಕ ಹೋಗಿ ಬರೂ ಮುಂದ, ವಿಮಾನ ನಿಲ್ದಾಣದ ಅಂಗಡಿಯಾಗ ಒಂದು ದೊಡ್ಡ ಬಾಟಲಿ ಹಿಡಕೊಂಡು ಬಂದ. ಒಳಗ ಕೆಂಪನ್ನ, ಮೆತ್ತಗಿನ, ಸಕ್ಕರಿ ಸವರಿದ ಉಂಡಿ. ಡಾಕ್ಟರಿಗೆ ಫೋನ್ ಹಚ್ಚಿ ಕೇಳಿದ್ವಿ. ‘ಅದರಾಗೂ ಅದೇ ವಿಟಮಿನ್ ಇರ್ತದ, ಊಟದ ಮ್ಯಾಲ ದಿನಕ್ಕ ಒಂದ ಕೊಡ್ರಿ’ ಅಂದ್ರು. ಅತ್ತಿ ಮೊದಲನೇದು ಅಗದು, ಕಣ್ಣು ಮುಚ್ಚಿ, ‘ಏ, ಇದು ಔಷಧ ಅಲ್ಲ ತಂಗಿ, ಮಿಠಾಯಿ ಅದ’ ಅಂತ ನಕ್ಕರು. ಮಗ ತಂದದ್ದು ಅನ್ನೋ ರುಚಿನೂ ಅದರಾಗ ಇತ್ತು ಬಿಡ್ರಿ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮತ್ತಿ ಲಿಂಗಕ್ಕ ತೋರಿಸದ ಏನೂ ಬಾಯಿಗೆ ಹಾಕೋರಲ್ಲ. ನಮ್ಮಂಥೋರು ಕೊರಳಾಗ ಲಿಂಗ ಕಟಗೊಂಡಿದ್ರೂ ಆಫೀಸಿನ ಗಡಿಬಿಡಿಯಾಗ ನಿಂತಲ್ಲೇ ತಿಂದು ಓಡ್ತೀವಿ. ಅವರದು ಹಂಗಲ್ಲ. ಊಟದ ತಾಟು ಮುಂದ ಬಂತಂದ್ರ ಲಿಂಗ ಬಿಚ್ಚಿ ಎಡಗೈಯಾಗ ಇಟಗೊಂಡು, ತಾಟಿನಾಗ ಇದ್ದದ್ದೆಲ್ಲ ಅದಕ್ಕ ಅರ್ಪಣಿ ಮಾಡಿ, ಆಮ್ಯಾಲ ತುತ್ತು ಎತ್ತೋದು. ತಾಟಿನ ಮೂಲಿಗೆ ಉಪ್ಪಿನಕಾಯಿ ಪಕ್ಕಕ್ಕ ದಿನಾ ಒಂದು ಗಮ್ಮಿ ಕುಂದ್ರತೊಡಗಿತು. ಅದೂ ಅರ್ಪಣಿ ಆಗಿಯೇ ಅವರ ಬಾಯಿಗೆ ಹೋಗೋದು.

ಬ್ಯಾಸಗಿ ಬಂದ್ರ ಅತ್ತಿ ಒಂದು ತಿಂಗಳು ಕಮಲಾಪುರಕ್ಕ, ತಮ್ಮನ ಮನಿಗೆ ಹೋಗ್ತಾರ. ಅಲ್ಲಿ ಕೆಂಪು ಬಾಳಿ ತ್ವಾಟ ಅದ, ಬಾವಿ ಅದ, ಮಾತಿಗೆ ಜನ ಅದಾರ. ನನ್ನ ನೌಕರಿನೂ ಕಮಲಾಪುರದ ಕಚೇರಿಯಾಗೇ. ಶಹಾಬಜಾರದ ಮನಿಯಿಂದ ದಿನಾ ಬಸ್ಸಿಗೆ ಹೋಗಿ ಬರ್ತೀನಿ. ಬ್ಯಾಸಗಿಯಾಗ ನಮ್ಮ ಕಡಿ ಕಚೇರಿ ಮುಂಜಾನಿ ಎಂಟಕ್ಕ ಶುರುವಾಗಿ ಮಧ್ಯಾಹ್ನ ಒಂದೂವರಿಗೆ ಮುಗೀತದ. ಹಿಂಗಾಗಿ ಅತ್ತಿ ಅಲ್ಲಿದ್ದಷ್ಟು ದಿನ ನನ್ನ ಮಧ್ಯಾಹ್ನದ ಊಟ ಅವರ ಜೋಡಿನೇ. ನಾ ಬರೋತನಕ ಉಣ್ಣದ ಕಾಯ್ತಾರ. ಇಪ್ಪತ್ತೆರಡು ವರ್ಷ ಆತು ನಾ ಸೊಸಿ ಆಗಿ, ನಾ ಬರ್ತೀನಿ ಅಂದ ದಿನ ನನ್ನ ಬಿಟ್ಟು ಉಂಡದ್ದು ನೆನಪಿಲ್ಲ.

ಹೋಗೋ ಹಿಂದಿನ ದಿನ ಗಮ್ಮಿ ಬಾಟಲಿ ಕಟ್ಟಲಿಕ್ಕೆ ಕುಂತೆ. ಅದರ ಮ್ಯಾಲಿನ ಚೀಟಿ ಓದಿದೆ. ಇಪ್ಪತ್ತೈದು ಡಿಗ್ರಿಗಿಂತ ಕಡಿಮಿ ಇರೋ, ತಂಪಾದ, ಒಣಗಿದ ಜಾಗದಾಗ ಇಡಬೇಕಂತ. ಅಯ್ಯ ನನ್ನ ಶಿವನೇ! ಏಪ್ರಿಲ್ ತಿಂಗಳದಾಗ ಕಲಬುರಗಿಯಾಗ ಇಪ್ಪತ್ತೈದು ಡಿಗ್ರಿ ಯಾವ ಅಂಗಡಿಯಾಗ ಮಾರ್ತಾರ? ನಮ್ಮನಿ ದೇವರ ಕೋಣಿಯಾಗೂ ಸಿಗೋದಿಲ್ಲ. ತಂಪು ಬೇಕಂದ್ರ ನೀರು ಬೇಕು, ನೀರು ಬಂತಂದ್ರ ಒಣಗಿದ್ದು ಹ್ಯಾಂಗ ಆಗತದ? ಮನಿಯವರನ್ನ ಕೇಳಿದೆ. ಪೇಪರ್ ಕೆಳಗ ಇಳಸದ, ‘ಫ್ರಿಜ್ಜಿನಾಗ ಇಡು’ ಅಂದ್ರು. ಬಸ್ಸಿನಾಗ ಫ್ರಿಜ್ ಎಲ್ಲಿಂದ ತರೋದ್ರಿ ಅಂದೆ. ‘ಹಂಗಾರ ಬರ್ಫ್ ಇಡು’ ಅಂದ್ರು. ಬರ್ಫ್ ಕರಗಿ ನೀರಾದ್ರ ಮುಚ್ಚಳದಾಗ ಹೊಕ್ಕು ಅಂಟತಾವ ಅಂದೆ. ‘ಹಂಗಾರ ನಿನ್ನ ತೆಲಿ ಮ್ಯಾಲ ಇಡು’ ಅಂತ ಪೇಪರ್ ತಿರುವಿದ್ರು.

ಫೋನಿನಾಗ ಹುಡುಕಿದ್ರ ಒಬ್ಬಾಕಿ ಫ್ರಿಜ್ಜಿನಾಗ ಇಡ್ರಿ ಅಂತಾಳ, ಇನ್ನೊಬ್ಬಾಕಿ ಇಡಲೇಬ್ಯಾಡ್ರಿ ಅಂತಾಳ. ಸಾಕಾತು. ನಮ್ಮವ್ವ ಕಲಿಸಿದ್ದೇ ಖರೆ ಅಂತ, ರವಿವಾರ ಅತ್ತಿ ಜೋಡಿ ಹೊಂಟಾಗ, ನೀರಿನ ಬಾಟಲಿಗೆ ಮಾಡಿದಂಗ, ಹಳೇ ಧೋತರದ ಅರಬಿ ಹಸಿ ಮಾಡಿ ಬಾಟಲಿಗೆ ಮೂರು ಸುತ್ತು ಸುತ್ತಿ, ಕೈಚೀಲದಾಗ ಹಾಕಿ, ಬಸ್ಸಿನ ಕಿಟಕಿ ಸರಳಿಗೆ ಕಟ್ಟಿದೆ. ಗಾಳಿ ಬಡದಷ್ಟು ತಂಪಾಗತದ ಅನ್ನೋದು ನನ್ನ ಲೆಕ್ಕ. ಬರೂ ಗಾಳಿನೇ ಒಲಿ ಬಾಯಿದು ಅನ್ನೋದು ತೆಲ್ಯಾಗ ಹೊಳೀಲಿಲ್ಲ. ಬಸ್ಸು ಹುಮನಾಬಾದ್ ರಸ್ತೆ ಹಿಡಿಯೋದ್ರಾಗ ಅರಬಿ ಒಣಗಿತು. ನಾ ಮತ್ತ ನೀರು ಹೊಡದೆ. ಮತ್ತ ಒಣಗಿತು. ಮತ್ತ ಹೊಡದೆ. ಹಿಂದಿನ ಸೀಟಿನ ಅಜ್ಜ, ‘ಯವ್ವಾ, ಅದರಾಗ ಮೀನದಾವೇನು?’ ಅಂತ ಕೇಳಿದ.

ಕಮಲಾಪುರದಾಗ ಇಳದು ಅರಬಿ ಬಿಚ್ಚಿದ್ರ ಚೀಟಿ ಬಾಟಲಿ ಬಿಟ್ಟು ಅರಬಿಗೆ ಹತ್ತಿತ್ತು. ಅರಬಿಯಾಗ ಅದು ನೆನದು ಗಂಜಿ ಆಗಿತ್ತು. ಒಂದಕ್ಷರ ಉಳದಿದ್ದಿಲ್ಲ. ಬಾಟಲಿ ಬರೇ ಬಿಳೀದು. ಒಳಗ ನೋಡಿದ್ರ ಉಂಡಿ ಅನ್ನೋದೇ ಇಲ್ಲ, ಎಲ್ಲಾ ಕೂಡಿ ಒಂದೇ ಕೆಂಪು ಗಡ್ಡಿ. ಬಾಟಲಿ ಬುಡ ಮ್ಯಾಲ ಮಾಡಿದ್ರ ನಿಧಾನಕ ಮುಚ್ಚಳದ ಕಡಿ ಹರೀತದ. ನನಗ ಅಳೂನೇ ಬಂತು. ದಿನಕ್ಕ ಒಂದು ಅಂತ ಡಾಕ್ಟರ್ ಹೇಳ್ಯಾರ, ಈ ಗಡ್ಡಿಯಾಗ ಒಂದು ಅಂದ್ರ ಎಷ್ಟು?

ಅತ್ತಿ ಮಾತ್ರ ಜರಾನೂ ಹೆದರಲಿಲ್ಲ. ‘ಏನಾತು ಈಗ? ಬೆಲ್ಲ ಕರಗಿದ್ರ ಚೆಲ್ತೀಯೇನು?’ ಅಂತ ಬಾಟಲಿನ ಬಿಸಿ ನೀರಾಗ ನಿಂದ್ರಿಸಿ ಪೂರಾ ಕರಗಿಸಿ, ತುಪ್ಪ ಸವರಿದ ತಾಟಿನಾಗ ಸುರುವಿ, ಆರಿದ ಮ್ಯಾಲ ಚಾಕುವಿನಿಂದ ಶೇಂಗಾದ ವಡಿ ಕೊಯ್ದಂಗ ಕೊಯ್ದು ಇಟ್ಟರು. ‘ಎಷ್ಟು ಉಳದಿದ್ವು ತಂಗಿ?’ ಅಂತ ಕೇಳಿದ್ರು. ಯಾರು ಎಣಿಸ್ಯಾರ? ನಲವತ್ತಿರಬಹುದು ಅಂದೆ. ನಲವತ್ತು ತುಂಡು ಆತು. ದೊಡ್ಡವು ಸಣ್ಣವು ಆಗಿದ್ವು, ಅದಕ್ಕೂ ಅವರ ಹತ್ರ ಉತ್ತರ ಇತ್ತು: ‘ಕಾಲು ಭಾಳ ನೋಯೋ ದಿನ ದೊಡ್ಡದು ತಗೋತೀನಿ.’

ಇನ್ನ ಇಡೋದು ಎಲ್ಲಿ? ಆ ಮನಿ ಫ್ರಿಜ್ ಹೋದ ವಾರನೇ ಕೆಟ್ಟು ಬಟ್ಟಿ ಇಡೋ ಕಪಾಟು ಆಗಿತ್ತು. ಅತ್ತಿಯವರ ತಮ್ಮನ ಹೆಂಡ್ತಿ, ಪಾಪ ಒಳ್ಳೇ ಮನಸಿನಾಕಿ, ‘ನಮ್ಮನ್ಯಾಗ ಎಲ್ಲಾಕಿಂತ ಕತ್ತಲಿ ಅಂದ್ರ ಅಡಿ ಹಾಕೋ ಕೋಣಿ, ಅಲ್ಲಿ ಬಿಸಲು ಹಣಿಕೂ ಹಾಕೋದಿಲ್ಲ’ ಅಂತ ತಾಟು ಅಲ್ಲಿ ಇಟ್ಟಳು. ಬಾಳಿ ಗೊನಿ ಹಣ್ಣಾಗಲಿಕ್ಕೆ ಹುಲ್ಲು ಹೊಚ್ಚಿ, ಕದ ಬಡದು, ಸಂದಿಗೆ ಸಗಣಿ ಮೆತ್ತೋ ಕೋಣಿ ಅದು. ಕತ್ತಲಿ ಇದ್ದಲ್ಲಿ ತಂಪು ಇರ್ತದ ಅಂತ ನಾವು ಮೂರೂ ಮಂದಿ ನಂಬಿದ್ವಿ. ಜನ್ಮೆಲ್ಲಾ ಬಾಳಿಹಣ್ಣು ಮಾಗಿಸಿದ ಮನಿತನ, ಆ ಹುಲ್ಲಿನಾಗ ಕೈ ಇಟ್ರ ಬೆಚ್ಚಗ ಆಗತದ ಅನ್ನೋದು ಗೊತ್ತಿದ್ದೂ ಒಬ್ಬರಿಗೂ ನೆನಪಾಗಲಿಲ್ಲ! ಸೋಮವಾರ ಮಧ್ಯಾಹ್ನ ತಗದು ನೋಡಿದ್ರ ನಲವತ್ತು ತುಂಡು ಕೂಡಿ ಮತ್ತ ಒಂದಾಗಿದ್ವು. ಮ್ಯಾಲ ಬಾಳಿಹಣ್ಣಿನ ವಾಸನಿ. ಅತ್ತಿ ನಕ್ಕೋತ ಮತ್ತ ಕೊಯ್ದು ಡಬ್ಬಿಯಾಗ ತುಂಬಿ, ನೀರಿನ ಕೊಡದ ಬುಡಕ್ಕ ಹಸಿ ಉಸುಕಿನಾಗ ಹುಗದ್ರು. ಅಲ್ಲಿ ಗಟ್ಟಿ ನಿಂತ್ವು.

ಮಂಗಳವಾರ ಮುಂಜಾನಿ ಕಚೇರಿಯಾಗ ನನ್ನ ಬಾಜೂಕ ಕೂಡೋ ಆಪಾಗೆ ಈ ಕತಿ ನಗಚಾಟಿ ಮಾಡಿ ಹೇಳಿದೆ. ಆಪಾ ನನಗಿಂತ ಆರು ವರ್ಷ ದೊಡ್ಡಾಕಿ, ಹದಿನಾಲ್ಕು ವರ್ಷದಿಂದ ಒಂದೇ ಬಸ್ಸು, ಒಂದೇ ಡಬ್ಬಿ ನಮ್ಮದು. ಆಕಿ ನಗಲಿಲ್ಲ. ‘ಎರಡು ಸಲ ಕರಗಿ ಎರಡು ಸಲ ಗಟ್ಟಿ ಆತೇನು? ಅಂದ್ರ ಅದು ಜಿಲೆಟಿನ್ ಇರಬೇಕು ತಂಗಿ’ ಅಂದಳು.

‘ಹಂಗಂದ್ರೇನು ಆಪಾ?’

‘ದನದ್ದೋ ಹಂದೀದೋ ಎಲುಬು ತೊಗಲು ಕುದಿಸಿ ತಗದ ಅಂಟು. ಹಣ್ಣಿನ ಸಿಪ್ಪಿಯಿಂದ ತಗದದ್ದೂ ಬರ್ತದ, ಅದು ಹಿಂಗ ಸಲೀಸು ಕರಗೋದಿಲ್ಲ ಅಂತಾರ. ನಮ್ಮನ್ಯಾಗ ಹುಡುಗೂರ ಚಾಕಲೇಟ್ ತರಬೇಕಾದ್ರೂ ಹಲಾಲ್ ಹೌದೋ ಅಲ್ಲೋ ಅಂತ ಮೊದಲ ಅದನ್ನೇ ನೋಡ್ತೀವಿ. ನೀ ಚೀಟಿ ಓದಲಿಲ್ಲೇನು?’

ಓದಿದ್ದೆ. ಹ್ಯಾಂಗ ಇಡಬೇಕು ಅನ್ನೋದು ಮೂರು ಸಲ ಓದಿದ್ದೆ. ಒಳಗ ಏನದ ಅನ್ನೋದು ಒಮ್ಮೆನೂ ಓದಿದ್ದಿಲ್ಲ. ತತ್ತಿ ಹಾಕ್ಯಾರ ಅಂತ ಬೇಕರಿ ಕೇಕ್ ಮುಟ್ಟದಾಕಿ, ನಮ್ಮತ್ತಿ. ತಿಂದದ್ದು ಹೋಗಲಿ ಅಂದ್ರ, ಎರಡು ತಿಂಗಳಿಂದ ದಿನಾ ಅಂಗೈಯಾಗಿನ ಲಿಂಗಕ್ಕ ತೋರಿಸ್ಯಾರ.

ಆಪಾ ನನ್ನ ಮಕಾ ನೋಡಿ ತಾನೇ ಗಾಬರಿ ಆಗಿ, ‘ಇರಬೇಕು ಅಂದೆ, ಅದ ಅನ್ನಲಿಲ್ಲ. ನಮ್ಮ ಬಿಸಲಿಗೆ ಏನು ಕರಗೋದಿಲ್ಲ ಹೇಳು. ಖಾತ್ರಿ ಮಾಡಿಕೋ’ ಅಂದಳು.

ಖಾತ್ರಿ ಮಾಡೋದು ಎಲ್ಲಿಂದ? ಮೈದುನಗ ಫೋನ್ ಹಚ್ಚಿದೆ. ‘ವೈನಿ, ವಿಮಾನಕ್ಕ ಓಡೋ ಗಡಿಬಿಡಿಯಾಗ ಕೈಗೆ ಸಿಕ್ಕದ್ದು ತಗೊಂಡೆ, ಹೆಸರು ಯಾರಿಗೆ ನೆನಪದ’ ಅಂದ. ಬಿಲ್ಲು? ಒಗದಾನ. ಫೋನಿನಾಗ ಕೆಂಪು ಗಮ್ಮಿ, ಬಿಳಿ ಬಾಟಲಿ ಅಂತ ಹುಡುಕಿದೆ. ನೂರು ಬಾಟಲಿ ಬಂದ್ವು. ಕೆಲವು ಶುದ್ಧ ಶಾಕಾಹಾರಿ, ಕೆಲವು ಅಲ್ಲ, ಎಲ್ಲಾ ಕೆಂಪು, ಎಲ್ಲಾ ಬಿಳಿ ಬಾಟಲಿ. ಒಣಗಿದ ಧೋತರದ ಅರಬಿ ಬೆಳಕಿಗೆ ಹಿಡದು ಹಿಡದು ನೋಡಿದೆ. ಬರೇ ನೀಲಿ ಕಲಿ. ಅದ ಅಂತ ಹೇಳಲಿಕ್ಕೂ ಆಧಾರ ಇಲ್ಲ, ಇಲ್ಲ ಅಂತ ಸುಮ್ನ ಕೂಡಲಿಕ್ಕೂ ಆಗವಲ್ದು. ಹೇಳಿ, ಅದು ಶಾಕಾಹಾರಿನೇ ಇದ್ದಿತ್ತಂದ್ರ? ಸುಳ್ಳೇ ಮುದುಕಿ ಮನಸ್ಸು ಕೆಡಿಸಿದಂಗ. ಹೇಳದ, ಅದು ಎಲುಬೇ ಇದ್ದಿತ್ತಂದ್ರ? ಹಿಂಗ ತಿರುಗಿಸಿ ಮುರುಗಿಸಿ ವಿಚಾರ ಮಾಡಿ ತೆಲಿ ಗಿರ್ ಅಂತು. ಖಾತ್ರಿ ಆಗಲಿ, ಆಮ್ಯಾಲ ಹೇಳಿದರಾತು ಅಂದುಕೊಂಡೆ.

ಆ ಮಧ್ಯಾಹ್ನ ಊಟಕ್ಕ ಕುಂತಾಗ ಅತ್ತಿ ತಾಟಿನ ಮೂಲಿಗೆ ಒಂದು ತುಂಡು ಇಟಗೊಂಡು ಲಿಂಗ ಬಿಚ್ಚಿದ್ರು. ನನ್ನ ಗಂಟಲದ ಮಟ ಮಾತು ಬಂತು. ಖಾತ್ರಿ ಇಲ್ಲ, ಖಾತ್ರಿ ಇಲ್ಲ ಅಂತ ನುಂಗಿದೆ. ಅವರು ಕಣ್ಣು ಮುಚ್ಚಿದ್ರು. ನಾನೂ ಮುಚ್ಚಿದೆ, ನೋಡಲಿಕ್ಕೆ ಆಗಲಿಲ್ಲ.

ಬುಧವಾರ ಒಂದು ಹೂಟ ಹೂಡಿದೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ‘ಅತ್ತಿ, ಇವು ಎರಡೆರಡು ಸಲ ಕರಗಿ ಕೆಟ್ಟಾವ ರೀ, ಬಿಟ್ಟುಬಿಡ್ರಿ. ಬ್ಯಾರೆ ತರಸ್ತೀನಿ’ ಅಂದೆ. ಅತ್ತಿ ಒಂದು ತುಂಡು ಮೂಗಿಗೆ ಹಿಡದು, ‘ಕೆಟ್ಟಿದ್ರ ಹುಳಿ ವಾಸನಿ ಬರ್ತಿತ್ತು. ಅಷ್ಟು ದೂರದಿಂದ ನನ್ನ ಮಗ ಹೊತಗೊಂಡು ಬಂದಾನ, ಚೆಲ್ಲಂತೀಯಲ್ಲ’ ಅಂತ ನನಗೇ ಬೈದ್ರು. ಅವತ್ತೂ ಅರ್ಪಣಿ ಆತು.

ಗುರುವಾರ ಅದಕ್ಕಿಂತ ಕೆಟ್ಟದ್ದಾತು. ನನ್ನ ಮಕಾ ಸಪ್ಪಗ ಆಗಿದ್ದು ನೋಡಿ ಅತ್ತಿ, ‘ಬಿಸಲಾಗ ಓಡಾಡಿ ಸೊರಗೀದಿ. ನಿನಗೂ ಶಕ್ತಿ ಬೇಕು’ ಅಂತ, ಲಿಂಗಕ್ಕ ತೋರಿಸಿದ ತುಂಡು ಅರ್ಧ ಮುರದು ನನ್ನ ಕೈಯಾಗ ಹಾಕಿದ್ರು. ಪ್ರಸಾದ. ಬ್ಯಾಡ ಅನ್ನಂಗಿಲ್ಲ. ಬಾಯಾಗ ಇಟಗೊಂಡೆ. ಬಿಸಿ ತುಪ್ಪ ನುಂಗಂಗಿಲ್ಲ ಉಗಳಂಗಿಲ್ಲ ಅಂತಾರಲ್ಲ, ಅದರ ಅರ್ಥ ಅವತ್ತು ಆತು ನೋಡ್ರಿ. ಲಿಂಗ ಮುಟ್ಟಿದ ಮ್ಯಾಲ ಅದು ಪ್ರಸಾದ ಆತೋ, ಪ್ರಸಾದ ಆದ ಮ್ಯಾಲೂ ಎಲುಬು ಎಲುಬೇ ಏನು, ಯಾರನ್ನ ಕೇಳಬೇಕು? ಅತ್ತಿ ನನ್ನೇ ನೋಡ್ಲಾಕತ್ತಿದ್ರು. ನುಂಗಿದೆ. ಮರುದಿನ ಮುಂಜಾನಿ ಬಸ್ಸಿನಾಗ ಇದನ್ನ ಆಪಾಗೆ ಹೇಳಿದ್ರ ಆಕಿ ನನ್ನ ಕೈ ಹಿಡಕೊಂಡು, ‘ಇವತ್ತೇ ಹೇಳಿಬಿಡು ತಂಗಿ. ನಿನಗ ಖಾತ್ರಿ ಬೇಕಾಗಿಲ್ಲ, ಧೈರ್ಯ ಬೇಕಾಗ್ಯಾದ’ ಅಂದಳು. ಸಿಟ್ಟು ಬಂತು ನನಗ. ಬಂದದ್ದು ಆಕಿ ಮ್ಯಾಲೋ, ನನ್ನ ಮ್ಯಾಲೋ.

ಶುಕ್ರವಾರ ಮಧ್ಯಾಹ್ನ ನಾ ಹೋದಾಗ ಅತ್ತಿ ಕಂಚಿನ ಬಟ್ಟಲದಾಗ ಐದು ತುಂಡು ಬ್ಯಾರೆ ತಗದು ಇಟ್ಟಿದ್ರು. ಯಾರಿಗೆ ಅಂತ ಕೇಳಿದೆ.

‘ನಾಳೆ ಅಯ್ಯನೋರು ಪ್ರಸಾದಕ್ಕ ಬರ್ತಾರ. ಅವರಿಗೂ ಕಾಲು ನೋವಂತ. ನನಗ ಗುಣ ಆಗ್ಯಾದ, ಅವರೂ ತಗೋಳ್ಳಿ.’

ಅಯ್ಯನೋರು ಅಂದ್ರ ಆ ಮನಿತನಕ್ಕ ಲಿಂಗ ಕಟ್ಟಿದ ಗುರುಗಳು. ‘ಕೊಡಬ್ಯಾಡ್ರಿ ಅತ್ತಿ’ ಅಂದೆ. ಯಾಕ ಅಂದ್ರು. ಎಲ್ಲಾ ಹೇಳಿದೆ. ಜಿಲೆಟಿನ್ ಅಂದ್ರೇನು, ಚೀಟಿ ಹ್ಯಾಂಗ ಹೋತು, ಮೈದುನಗ ಹ್ಯಾಂಗ ನೆನಪಿಲ್ಲ, ಇರಬಹುದು, ಇಲ್ಲದೆನೂ ಇರಬಹುದು ರೀ ಅಂತ ಹೇಳಿಕೋತ ಹೋದೆ. ಒಲಿ ಮುಂದ ಕುಂತಿದ್ದ ಅವರ ತಮ್ಮನ ಹೆಂಡ್ತಿ ಬಾಯಿ ಮ್ಯಾಲ ಸೆರಗು ಇಟಗೊಂಡು ಹೊರಗ ಹೋದಳು.

ಅತ್ತಿ ಬೈತಾರ ಅಂದುಕೊಂಡೆ, ಅಳತಾರ ಅಂದುಕೊಂಡೆ. ಎರಡೂ ಇಲ್ಲ. ಬಟ್ಟಲ ಎತ್ತಿ ಡಬ್ಬಿಯಾಗ ಸುರುವಿ, ಡಬ್ಬಿ ಮುಚ್ಚಿ ದೂರ ಸರಿಸಿದ್ರು. ಆಮ್ಯಾಲ ಒಂದೇ ಕೇಳಿದ್ರು.

‘ನಿನಗ ಎಂದು ಗೊತ್ತಾತು?’

‘ಮಂಗಳವಾರ... ಖಾತ್ರಿ ಇದ್ದಿಲ್ಲ ಅತ್ತಿ.’

‘ಮಂಗಳವಾರ’ ಅಂತ ಹೆಬ್ಬೆರಳು ಕಿರುಬೆರಳಿಗೆ ಹಚ್ಚಿದ್ರು. ‘ಬುಧವಾರ. ಗುರುವಾರ.’ ಮೂರು ಬೆರಳು ಆತು. ‘ಅದಕ್ಕಿಂತ ಮೊದಲ ತಿಂದದ್ದು ನನಗ ಗೊತ್ತಿಲ್ದ ತಿಂದದ್ದು. ನನ್ನ ಲಿಂಗಪ್ಪಗ ಹೇಳಿಕೋತೀನಿ, ಆಂವ ಕೇಳತಾನ. ಈ ಮೂರು ದಿನದ್ದು ಏನಂತ ಹೇಳಲಿ?’

ನಿಮ್ಮ ಮನಸ್ಸು ನೋಯಬಾರದು ಅಂತ ರೀ ಅಂದೆ. ಖರೆ ಅಂದ್ರ ನಾ ಬೈಸಿಕೊಳ್ಳಲಿಕ್ಕೆ ಅಂಜಿದ್ದೆ, ಅಷ್ಟೇ. ಅವರು ‘ಹೂಂ’ ಅಂದ್ರು. ಎದ್ದು ಬಾವಿ ಕಟ್ಟಿಗೆ ಹೋಗಿ ಸ್ನಾನ ಮಾಡಿ, ಲಿಂಗ ತೊಳದು ವಿಭೂತಿ ಹಚ್ಚಿ, ಅವತ್ತು ಏನೂ ಉಣ್ಣಲಿಲ್ಲ. ನನಗ ಮಾತ್ರ ತಾಟು ಹಚ್ಚಿ ಕೊಟ್ಟರು. ಒಬ್ಬಾಕಿನೇ ಕುಂತು ಉಂಡೆ. ರೊಟ್ಟಿ ಇಳೀಲಿಲ್ಲ.

ಅತ್ತಿ ಈಗ ಶಹಾಬಜಾರಕ್ಕ ಬಂದಾರ. ಮಾತು ಬಿಟ್ಟಿಲ್ಲ, ಸಿಟ್ಟು ಮಾಡಿಲ್ಲ, ಈ ಸಂಗತಿ ಮಗನ ಮುಂದ ಒಂದು ದಿನನೂ ಎತ್ತಿಲ್ಲ. ಆ ಗಮ್ಮಿಯಾಗ ಏನಿತ್ತು ಅನ್ನೋದು ನನಗ ಇವತ್ತಿಗೂ ಗೊತ್ತಿಲ್ಲ. ಡಾಕ್ಟರ್ ಈಗ ಹಾಲಿನಾಗ ಕಲಸೋ ಪುಡಿ ಬರದು ಕೊಟ್ಟಾರ. ಪೊಟ್ಟಣದ ಮ್ಯಾಲಿಂದು ಒಂದಕ್ಷರ ಬಿಡದ ಓದಿ, ಕಲಸಿ, ಗ್ಲಾಸು ಅವರ ಕೈಯಾಗ ಕೊಡ್ತೀನಿ. ಇಪ್ಪತ್ತೆರಡು ವರ್ಷದಾಗ ನಾ ಏನು ಕೊಟ್ಟರೂ ಒಂದು ಮಾತು ಕೇಳದ ಇಸಗೊಂಡು ಕುಡದಾಕಿ ಅವರು.

‘ಏನದ ಇದರಾಗ?’ ಅಂತಾರ.

‘ಹಾಲು ಅತ್ತಿ, ಡಾಕ್ಟರ್ ಕೊಟ್ಟ ಪುಡಿ’ ಅಂತ ಹೇಳ್ತೀನಿ.

ನನ್ನ ಮಕಾ ನೋಡ್ತಾರ. ಇನ್ನೊಮ್ಮೆ ಕೇಳ್ತಾರ.